ಅವ್ವ ಬಿಟ್ಟ ಉಳ್ಳಾಗಡ್ಡಿ

ಅಂಗಿಯ ಗುಂಡಿ ಉದುರಿದಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ. ಗುಂಡಿಯ ಮೇಲೆ ನನಗೇನೂ ಅಂಥ ಮೋಹವಿಲ್ಲ. ನಮ್ಮ ಮನೆಯಲ್ಲಿ ಗುಂಡಿ, ಸೂಜಿ, ಪಿನ್ನುಗಳೆಲ್ಲ ಇರುವುದು ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮತ್ತು ಆ ಡಬ್ಬಿಯನ್ನು ಕಂಡರೆ ನನಗೆ ಹೀಗಾಗುತ್ತದೆ. ನನ್ನ ಹೆಂಡತಿ ಗಿರಿಜಾ ಈ ಜನ್ಮದಲ್ಲಿ ಒಂದು ಡಬ್ಬಿಯನ್ನೂ ಎಸೆದವಳಲ್ಲ. ಮುಲಾಮಿನ ಡಬ್ಬಿಯಲ್ಲಿ ಕುಂಕುಮ, ಹಾಲಿನ ಪುಡಿಯ ಡಬ್ಬಿಯಲ್ಲಿ ಸಾಸಿವೆ, ಮಿಠಾಯಿಯ ಡಬ್ಬಿಯಲ್ಲಿ ನನ್ನ ಪಿಂಚಣಿಯ ಕಾಗದ. ಈ ಬಿಳಿ ಡಬ್ಬಿಯ ಮೇಲಿನ ಚೀಟಿಯನ್ನು ಅವಳು ನೀರಲ್ಲಿ ನೆನೆಸಿ, ಉಗುರಿನಿಂದ ಕೆರೆದು, ಚಮಚದಿಂದ ಹೆರೆದು ನೋಡಿದಳು. ಅಂಟು ಜಗ್ಗಲಿಲ್ಲ. ಅರ್ಧ ಚೀಟಿ ಹಾಗೇ ಉಳಿದಿದೆ. ನನ್ನ ಮಾನ ಕಳೆದ ಎರಡು ಪದಗಳು ಆ ಅರ್ಧದಲ್ಲೇ ಇವೆ.

ಆ ಪದಗಳ ಕಡೆಗೆ ಬರುತ್ತೇನೆ. ಅದಕ್ಕೆ ಮೊದಲು ಅವ್ವನ ವಿಷಯ ಹೇಳಬೇಕು.

ಅವ್ವನಿಗೆ ಈಗ ಎಂಬತ್ತೆರಡು. ಮುಂಡರಗಿಯ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ತಿನ್ನದ ಜೀವ ಅವಳೊಬ್ಬಳೇ. ಬೇರೆ ಮನೆಯಲ್ಲಾಗಿದ್ದರೆ ಇದು ದೊಡ್ಡ ಮಾತಲ್ಲ. ಆದರೆ ನಮ್ಮಪ್ಪ ಎರೆಹೊಲದಲ್ಲಿ ಉಳ್ಳಾಗಡ್ಡಿ ಬೆಳೆಯುತ್ತಿದ್ದ, ಸುತ್ತಲಿನ ಹಳ್ಳಿಗಳಿಂದ ಕೊಂಡು ಗದಗಿಗೆ ಕಳಿಸುತ್ತಿದ್ದ. ಸುಗ್ಗಿ ಬಂತೆಂದರೆ ಪಡಸಾಲೆ ತುಂಬ ಉಳ್ಳಾಗಡ್ಡಿ, ಅಟ್ಟದ ತುಂಬ ಉಳ್ಳಾಗಡ್ಡಿ. ದೇವರ ಜಗಲಿಯೊಂದು ಬಿಟ್ಟು ಉಳಿದಲ್ಲೆಲ್ಲ ಚೀಲಗಳು. ಅದರ ಸಿಪ್ಪೆ ಗಾಳಿಗೆ ಹಾರಿ ನಮ್ಮ ತಲೆಗೂದಲಿಗೆ, ಪಾಟಿಚೀಲಕ್ಕೆ, ಕಾಸಿಟ್ಟ ಹಾಲಿಗೆ ಬಂದು ಕೂರುತ್ತಿತ್ತು. ಶಾಲೆಯಲ್ಲಿ ಮಾಸ್ತರರು ನನ್ನನ್ನು ಮತ್ತು ನನ್ನ ತಮ್ಮನನ್ನು ಕಿಟಕಿಯ ಪಕ್ಕ ಕೂರಿಸುತ್ತಿದ್ದರು. ನಾವು ಜಾಣರೆಂದು ಕೂರಿಸಿದ್ದಾರೆ ಅಂತ ನಾನು ಬಹಳ ವರ್ಷ ತಿಳಿದಿದ್ದೆ. ನಮ್ಮ ಅಂಗಿಯ ವಾಸನೆಗೆ ಹಾಗೆ ಮಾಡಿದ್ದರೆಂದು ನಾನೇ ಮಾಸ್ತರನಾದ ಮೇಲೆ ಗೊತ್ತಾಯಿತು.

ಊಟಕ್ಕೆ ಕೂತರೆ ಒಬ್ಬೊಬ್ಬರಿಗೆ ಒಂದೊಂದು ಹಸಿ ಉಳ್ಳಾಗಡ್ಡಿ ಬೇಕು. ಅದನ್ನು ಹೆಚ್ಚುವುದಿಲ್ಲ, ಗುದ್ದುತ್ತೇವೆ. ನೆಲದ ಮೇಲಿಟ್ಟು ಮುಷ್ಟಿಯಿಂದ ಒಂದು ಏಟು. ಅಪ್ಪ ಗುದ್ದಿದರೆ ಅದು ಚೂರುಚೂರಾಗಿ ಮೂಲೆಗೆ ಸಿಡಿಯುತ್ತಿತ್ತು. ಅವ್ವ ಗುದ್ದಿದರೆ ಒಂದು ಹನಿ ರಸವೂ ಚೆಲ್ಲದೆ ಎಸಳೆಸಳಾಗಿ ಬಿಚ್ಚಿಕೊಳ್ಳುತ್ತಿತ್ತು. ಹೀಗಾಗಿ ಮನೆಮಂದಿಗೆಲ್ಲ ಅವ್ವನೇ ಗುದ್ದಿಕೊಡಬೇಕು. ಎಲ್ಲರ ತಾಟಿಗೂ ಹಾಕಿ, ಎದ್ದು ಕೈ ತೊಳೆದುಕೊಂಡು ಬಂದು, ತಾನು ಮಾತ್ರ ರೊಟ್ಟಿಯನ್ನು ಮೊಸರು, ಶೇಂಗಾ ಹಿಂಡಿಯ ಜೊತೆ ಉಣ್ಣುತ್ತಿದ್ದಳು. ಪಲ್ಯ ಮಾಡುವಾಗ ಒಗ್ಗರಣೆಗೆ ಮೊದಲೇ ತನ್ನ ಪಾಲು ತೆಗೆದಿಡುವಳು. ನಮಗೆ ಮಾಡಿದ್ದರ ಉಪ್ಪನ್ನು ನಾಲಿಗೆಗೆ ಹಚ್ಚಿ ನೋಡುತ್ತಿರಲಿಲ್ಲ. ವಾಸನೆಯಿಂದಲೇ ನೋಡುತ್ತಿದ್ದಳು, ಮತ್ತು ಒಂದು ದಿನವೂ ತಪ್ಪಲಿಲ್ಲ.

"ಯಾಕವ್ವಾ, ನೀ ಯಾಕ ತಿನ್ನಂಗಿಲ್ಲ?"

"ಬಿಟ್ಟೇನಿ."

"ಯಾಕ ಬಿಟ್ಟಿ?"

"ಬಿಟ್ಟೇನಂದ್ನೆಲ್ಲ. ಸುಮ್ಮನ ಉಣ್ಣು."

ಐವತ್ತು ವರ್ಷಗಳಲ್ಲಿ ಈ ವಿಷಯವಾಗಿ ಅವ್ವ ಆಡಿದ ಮಾತು ಇಷ್ಟೇ. ಆಕೆಗೆ ಅದರ ವಾಸನೆ ಆಗಿಬರುವುದಿಲ್ಲ ಎಂದು ನಾವೇ ತೀರ್ಮಾನಿಸಿಕೊಂಡೆವು. ಗದಗಿನ ಬಸ್‌ಸ್ಟ್ಯಾಂಡಿನ ಹತ್ತಿರ ಗಿರಮಿಟ್ ತಿನ್ನಲು ನಿಂತರೆ ಗಾಡಿಯವನ ಕೈ ಮೇಲೇ ಕಣ್ಣಿಟ್ಟು, "ತಮ್ಮಾ, ಕೈ ತೊಳಕೊಂಡು ಮಾಡು. ಉಳ್ಳಾಗಡ್ಡಿ ಹಾಕಬ್ಯಾಡ" ಅನ್ನುವಳು. "ಉಳ್ಳಾಗಡ್ಡಿ ಇಲ್ಲದ್ದು ಏನ್ ಗಿರಮಿಟ್ಟರಿ ಅಮ್ಮಾ?" ಎಂದು ಅವನು ಮುಖ ಸಣ್ಣದು ಮಾಡಿದರೆ, "ನೀ ಮಾಡು. ತಿನ್ನಾಕಿ ನಾನು" ಎಂದು ಬಾಯಿ ಮುಚ್ಚಿಸುವಳು. ನನ್ನ ಮದುವೆಯಲ್ಲಿ ಬೀಗರು ಎಷ್ಟು ಒತ್ತಾಯ ಮಾಡಿದರೂ ಬರೀ ಮೊಸರನ್ನ ಉಂಡು ಎದ್ದಳು. ಅವ್ವನಿಗೆ ಸಿಟ್ಟು ಬಂದಿದೆಯೋ ಏನೋ ಎಂದು ಗಿರಿಜಾಳ ತವರಿನವರು ಎರಡು ವರ್ಷ ಮಾತಾಡಿಕೊಂಡರಂತೆ.

ಇನ್ನು ನನ್ನ ಪ್ರವರ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನು. ಪ್ರತಿವರ್ಷದ ಮೊದಲ ಪ್ರಯೋಗ ಉಳ್ಳಾಗಡ್ಡಿಯ ಪೊರೆಯದು. ತೆಳ್ಳನೆಯ ಪೊರೆ ಸುಲಿದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಮಕ್ಕಳಿಗೆ ಜೀವಕೋಶ ತೋರಿಸುವುದು. ಬೋರ್ಡಿನ ಮೇಲೆ ಅದರ ಶಾಸ್ತ್ರೀಯ ಹೆಸರನ್ನು ದೊಡ್ಡದಾಗಿ ಬರೆದು ಗಂಟಲು ಒಣಗುವ ತನಕ ಹೇಳಿಸುತ್ತಿದ್ದೆ. ಅಲಿಯಂ ಸೀಪಾ. ಹೊಸದಾಗಿ ನೌಕರಿಗೆ ಸೇರಿದ ವರ್ಷ ಉಮೇದಿನಲ್ಲಿ ಆ ಯಂತ್ರವನ್ನು ಮನೆಗೇ ತಂದು ಅವ್ವನಿಗೆ ತೋರಿಸಿದೆ. ಕಣ್ಣಿಟ್ಟು ನೋಡಿ, "ಇಟ್ಟಂಗಿ ಗ್ವಾಡಿ ಕಂಡಂಗ ಕಾಣತೈತಲ್ಲೋ" ಅಂದಳು. ಆಮೇಲೆ ಏನೆಂದು ಕೇಳಿದಳು. ಉಳ್ಳಾಗಡ್ಡಿ ಅಂದೆ. ಎದ್ದು ಹೋಗಿ ಕೈಯನ್ನೂ ಕಣ್ಣನ್ನೂ ತೊಳೆದುಕೊಂಡು ಬಂದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಕಣ್ಣೀಲೆ ನೋಡಿದ್ರೂ ಮೈಲಿಗಿ ಆಗತೈತೇನವ್ವಾ?" ಎಂದು ಓಣಿಗೆಲ್ಲ ಕೇಳುವ ಹಾಗೆ ಅಂದೆ. ಕೈಯಲ್ಲಿ ಡಿಗ್ರಿ ಇತ್ತು ನೋಡಿ, ನಗುವುದಕ್ಕೆ ಬೇರೆ ಅರ್ಹತೆ ಬೇಕೆಂದು ಅನಿಸಿರಲಿಲ್ಲ.

ಹೋದ ವರ್ಷ ಅವ್ವನ ಮೈಮೇಲೆ ದದ್ದು ಏಳತೊಡಗಿದವು. ಒಂದು ಹೊತ್ತು ತೋಳಿನ ಮೇಲೆ, ಇನ್ನೊಂದು ಹೊತ್ತು ಬೆನ್ನಿನ ಮೇಲೆ ಕೆಂಪಗೆ ಉಬ್ಬಿ, ಕೆರೆದು ಕೆರೆದು ಜೀವ ಹಣ್ಣಾಗುತ್ತಿತ್ತು. ಕೆಲವೊಮ್ಮೆ ತುಟಿ ಬಾತುಕೊಳ್ಳುತ್ತಿತ್ತು. ಗದಗಿನ ಡಾಕ್ಟರು ಚೆನ್ನಾಗಿ ತಿಳಿಸಿ ಹೇಳಿದರು. ಮೈಯೊಳಗೆ ಕಾವಲು ಕಾಯುವ ಕಣಗಳಿವೆ, ಅವುಗಳ ಹೊಟ್ಟೆಯಲ್ಲಿ ಉರಿ ಎಬ್ಬಿಸುವ ರಸದ ಪುಟ್ಟ ಚೀಲಗಳಿವೆ. ವೈರಿ ಬಂದಾಗ ಬಿಚ್ಚಬೇಕಾದ ಚೀಲಗಳನ್ನು ಅವ್ವನ ಕಾವಲಿನವರು ಸುಮ್ಮಸುಮ್ಮನೆ ಬಿಚ್ಚುತ್ತಿದ್ದಾರೆ, ಅದಕ್ಕೇ ಬಾವು, ಅದಕ್ಕೇ ತುರಿಕೆ. ಅವರು ಕೊಟ್ಟ ಗುಳಿಗೆಯಿಂದ ದದ್ದು ತಗ್ಗಿದವು. ಆದರೆ ಅವ್ವ ರೊಟ್ಟಿ ಬಡಿಯುತ್ತ ಕೂತಲ್ಲೇ ತೂಕಡಿಸಹತ್ತಿದಳು. ಒಮ್ಮೆ ಹಂಚಿನ ಮೇಲೆ ಕೈ ಇಡುವುದರಲ್ಲಿದ್ದಳು.

ಆಗ ನಾನು ಮೊಬೈಲ್ ತೆಗೆದೆ. ನಿವೃತ್ತ ಮಾಸ್ತರ, ಕೈಯಲ್ಲಿ ಮೊಬೈಲು, ಮನೆಯಲ್ಲೊಬ್ಬ ರೋಗಿ. ಇದಕ್ಕಿಂತ ಅಪಾಯದ ಕೂಟ ಇನ್ನೊಂದಿಲ್ಲ. ನಾಲ್ಕೇ ದಿನದಲ್ಲಿ ನನಗೆ ಕ್ವೆರ್ಸೆಟಿನ್ ಎಂಬ ಹೆಸರು ಸಿಕ್ಕಿತು. ಗಿಡಗಳು ತಮ್ಮ ರಕ್ಷಣೆಗೆ ತಾವೇ ಮಾಡಿಕೊಳ್ಳುವ ಒಂದು ಸತ್ವ. ನಾವು ಅದನ್ನು ತಿಂದರೆ ಆ ಉರಿಯ ಚೀಲಗಳ ಬಾಯಿ ಸಡಿಲಾಗದಂತೆ ಹಿಡಿಯುತ್ತದೆ, ಬಾವು ಇಳಿಸುತ್ತದೆ, ಕಾವಲಿನವರ ಅವಸರ ತಗ್ಗಿಸುತ್ತದೆ ಎಂದು ಬರೆದಿತ್ತು. ಯಾವುದರಲ್ಲಿ ಹೆಚ್ಚು ಇದೆ ಎಂದು ನೋಡಿದರೆ ಉಳ್ಳಾಗಡ್ಡಿ ಮುಂಚೂಣಿಯಲ್ಲಿತ್ತು.

"ನೋಡು, ಅವ್ವ ಉಳ್ಳಾಗಡ್ಡಿ ತಿನ್ನಂಗಿಲ್ಲ. ಅದಕ್ಕ ಆಕಿ ಮೈಯಾಗ ಇದು ಕಡಿಮಿ ಆಗೇತಿ," ಎಂದು ಗಿರಿಜಾಳಿಗೆ ವಿವರಿಸಿದೆ. "ಆಕಿ ನೇಮ ಕೆಡಸೂದು ಬ್ಯಾಡ. ಗುಳಿಗಿ ತರಸತೇನಿ."

ಈ ಮಾತನ್ನು ನಾನೇ ನನ್ನ ಬಾಯಿಂದಲೇ ಆಡಿದ್ದೆ ಎಂಬುದನ್ನು ದಯವಿಟ್ಟು ಗಮನಿಸಿ.

ಡಾಕ್ಟರನ್ನು ಕೇಳಿದೆ. "ತೊಗೊಳ್ಳಿ, ತೊಂದ್ರಿ ಇಲ್ಲ. ಆದ್ರ ನನ್ನ ಗುಳಿಗಿ ಬಿಡಬ್ಯಾಡ್ರಿ" ಎಂದು ಅವರು ತಮ್ಮ ಗುಳಿಗೆಯನ್ನೂ ತೂಕಡಿಕೆ ತರದಂಥದ್ದಕ್ಕೆ ಬದಲಿಸಿಕೊಟ್ಟರು. ನನ್ನ ಗುಳಿಗೆ ಟಪಾಲಿನಲ್ಲಿ ಬಂತು, ಬಿಳಿ ಡಬ್ಬಿಯಲ್ಲಿ. ಹತ್ತು ತಿಂಗಳು ಪ್ರತಿದಿನ ಬೆಳಿಗ್ಗೆ ಅವ್ವ ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೈ ಚಾಚುವಳು. ನಾನು ಒಂದು ಗುಳಿಗೆ ಹಾಕುವೆನು. ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ನುಂಗುವಳು. ದದ್ದು ನಿಂತವು. ಮುಂಜಾನೆ ವಾಕಿಂಗಿಗೆ ಬರುವ ಗೆಳೆಯರ ಮುಂದೆ ನಾನು ಅರ್ಧ ಡಾಕ್ಟರನೇ ಆಗಿಬಿಟ್ಟೆ.

ಮಗಳು ಸುಧಾ ಹುಬ್ಬಳ್ಳಿಯಲ್ಲಿ ಔಷಧ ಶಾಸ್ತ್ರ ಓದುತ್ತಿದ್ದಾಳೆ. ಎರಡು ದಿನದ ರಜೆಗೆ ಬಂದವಳು ಚಹಾ ಕುಡಿಯುತ್ತ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು.

"ಅಪ್ಪಾ, ಅಜ್ಜಿ ಉಳ್ಳಾಗಡ್ಡಿ ತಿನ್ನಾಕ ಚಾಲೂ ಮಾಡ್ಯಾಳೇನು?"

"ಹುಚ್ಚಿ, ಏನ್ ಮಾತಾಡ್ತೀ?"

"ಮತ್ತ ಇದೇನಿದು?"

ಅವಳ ಬೆರಳಿನ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಅಲಿಯಂ ಸೀಪಾ, ಹೊರಸಿಪ್ಪೆಯ ಸಾರ.

ಅಲ್ಲೇ ಹೊಸ್ತಿಲ ಮೇಲೆ ಕುಳಿತೆ. ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದ ಹೆಸರು! ಸಾವಿರಾರು ಮಕ್ಕಳ ಬಾಯಿಂದ ಹೇಳಿಸಿದ ಹೆಸರು! ಡಬ್ಬಿ ಬಂದ ದಿನ ಕನ್ನಡಕ ಏರಿಸಿಕೊಂಡು ಒಂದಕ್ಷರ ಬಿಡದೆ ಓದಿದ್ದೆನಲ್ಲ. ಓದಿದ್ದೆ, ತಿಳಿದಿರಲಿಲ್ಲ. ಅವ್ವನಿಗೆ ಕೊಡುವುದರಲ್ಲಿ ಉಳ್ಳಾಗಡ್ಡಿ ಇರಲು ಸಾಧ್ಯವೇ ಇಲ್ಲ ಎಂದು ಮನಸ್ಸು ಮೊದಲೇ ಬಾಗಿಲು ಹಾಕಿಕೊಂಡಿತ್ತು ಕಾಣುತ್ತದೆ.

ಸುಧಾ ಇನ್ನಷ್ಟು ಹೇಳಿದಳು. ಆ ಸತ್ವ ಗಡ್ಡೆಯ ತಿರುಳಿನಲ್ಲಿರುವುದಕ್ಕಿಂತ ಒಣ ಸಿಪ್ಪೆಯಲ್ಲೇ ಹೆಚ್ಚು. ಬಿಸಿಲಿಗೆ, ಬೂಷ್ಟಿಗೆ ಮೈಯೊಡ್ಡುವುದು ಹೊರಸಿಪ್ಪೆ ತಾನೇ, ಅದಕ್ಕೇ ಗಡ್ಡೆ ಅಲ್ಲಿ ಕೂಡಿಟ್ಟಿರುತ್ತದಂತೆ. ನಾವು ಬುಟ್ಟಿಗಟ್ಟಲೆ ಗುಡಿಸಿ ತಿಪ್ಪೆಗೆ ಹಾಕಿದ್ದು ಅದನ್ನೇ. ಇದನ್ನು ಬೇರೆ ದಿನ ಕೇಳಿದ್ದರೆ ಬೆರಗಾಗುತ್ತಿದ್ದೆ. ಅವತ್ತು ಕಿವಿಗೆ ಹೋಗುತ್ತಿರಲಿಲ್ಲ.

"ಆದ್ರ ಅಜ್ಜಿಗೆ ಗುಣ ಆತಲ್ಲ," ಎಂದು ಒಂದು ಎಳೆ ಹಿಡಿದು ನೇತಾಡಲು ನೋಡಿದೆ.

"ಡಾಕ್ಟರ್ ಗುಳಿಗೀನೂ ಬದಲ ಆಗಿತ್ತಲ್ಲಪ್ಪಾ? ಯಾವುದರಿಂದ ಗುಣ ಆತು, ನಿಮಗ ಹ್ಯಾಂಗ ಗೊತ್ತು? ಗಾಜಿನ ನಳಿಗ್ಯಾಗ ಕಂಡದ್ದು, ಇಲಿಯೊಳಗ ಕಂಡದ್ದು, ಮನಷ್ಯಾರೊಳಗ ಅಷ್ಟ ಖಚಿತ ಇಲ್ಲ. ನೀವ ಸಾಯನ್ಸ ಮಾಸ್ತರು, ನಾ ಹೇಳಬೇಕೇನು?"

ಆ ಎಳೆಯೂ ಹರಿಯಿತು. ಈಗ ಉಳಿದ ಪ್ರಶ್ನೆ ಒಂದೇ. ಅವ್ವನಿಗೆ ಹೇಳುವುದೋ, ಬಿಡುವುದೋ? ಗಿರಿಜಾ ನನ್ನ ರಟ್ಟೆ ಹಿಡಿದು, "ಹೇಳಬ್ಯಾಡ್ರಿ. ಈ ವಯಸ್ಸಿನ್ಯಾಗ ಆಕಿ ತಡಕೊಳ್ಳಂಗಿಲ್ಲ. ಡಬ್ಬಿ ಬಚ್ಚಿಟ್ಟು ಸುಮ್ನಿರ್ರಿ" ಅಂದಳು. "ಅಜ್ಜಿ ಮೈ, ಅಜ್ಜಿ ನೇಮ. ಹೇಳದ ಇರಾಕ ನಾವ ಯಾರು?" ಅಂದಳು ಸುಧಾ. ಇಬ್ಬರದೂ ನನಗೆ ಸರಿ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು.

"ತಮ್ಮಾ, ಇವತ್ತ ಗುಳಿಗಿ ಕೊಡೂದು ಮರತ್ಯೇನು?"

"ತೀರ್ಯಾವವ್ವಾ."

"ಲಗೂನ ತರಸೋ ಮತ್ತ. ಅದು ನನಗ ಚೊಲೋ ಹಿಡದೈತಿ."

ಏನು ಬಿಟ್ಟಿದ್ದಾಳೆಂದು ಗೊತ್ತು. ಯಾಕೆ ಬಿಟ್ಟಳೆಂದು ಗೊತ್ತಿಲ್ಲ. ಅದು ಗೊತ್ತಾಗದೆ ನನ್ನ ತಪ್ಪು ಎಷ್ಟು ದೊಡ್ಡದೆಂದು ತಿಳಿಯುವುದು ಹೇಗೆ? ಗೊತ್ತಿರಬಹುದಾದವಳು ಒಬ್ಬಳೇ, ಬೆಳ್ಳಟ್ಟಿಯಲ್ಲಿರುವ ಚಿಗವ್ವ, ಅವ್ವನ ತಂಗಿ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಉಳ್ಳಾಗಡ್ಡಿ ಕೀಳುತ್ತಿದ್ದರು. ನನ್ನ ಪಕ್ಕದಲ್ಲಿ ಕುಳಿತವನ ಕಾಲ ಬಳಿಯೂ ಒಂದು ಚೀಲ. ಬೇಕಂತಲೇ ನನ್ನನ್ನು ಕಾಡಲು ಇಟ್ಟಿದ್ದಾನೆ ಅನ್ನಿಸಿತು. ಚಿಗವ್ವ ಮನೆಯ ಮುಂದೆ ಹೆಣ್ಣಾಳುಗಳ ಸಾಲಿನಲ್ಲಿ ಕೂತು ಕುಡುಗೋಲಿನಿಂದ ಉಳ್ಳಾಗಡ್ಡಿಯ ಸೊಪ್ಪು ಕೊಯ್ದು ಹಾಕುತ್ತಿದ್ದಳು. ಎಪ್ಪತ್ತರ ಹತ್ತಿರದ ಮುದುಕಿ, ಕೈ ಇನ್ನೂ ಯಂತ್ರದ ಹಾಗೆ ಓಡುತ್ತದೆ. ಅವಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಕುಡುಗೋಲು ಕೈಯಿಂದ ಜಾರಿ ಕೆಳಗೆ ಬಿತ್ತು.

"ಅಯ್ಯ ನಮ್ಮಪ್ಪಾ! ಎಂಥಾ ಕೆಲಸ ಮಾಡಿದ್ಯೋ!"

"ಯಾಕ ಬಿಟ್ಟಿದ್ಲು ಚಿಗವ್ವಾ? ವಾಸನಿ ಆಗತಿರಲಿಲ್ಲಂತ ಬಿಟ್ಟಿದ್ಲೇನು?"

"ವಾಸನಿ?" ಚಿಗವ್ವ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. "ನಿಮ್ಮವ್ವಗ ಉಳ್ಳಾಗಡ್ಡಿ ಅಂದ್ರ ಜೀವ ಆಗಿತ್ತೋ. ಸಣ್ಣಾಕಿದ್ದಾಗ ಹೊಲದಾಗ ಕಿತ್ತು, ಮಣ್ಣ ಒರಸಿ, ಅಲ್ಲೇ ಕಡೀತಿದ್ಲು. ರೊಟ್ಟಿ ಇಲ್ಲದಿದ್ರೂ ನಡೀತಿತ್ತು, ಆಕಿಗೆ ಉಳ್ಳಾಗಡ್ಡಿ ಬೇಕು. ನಿನ್ನ ಸಲುವಾಗಿ ಬಿಟ್ಲು."

"ನನ್ನ ಸಲುವಾಗಿ?"

ನಾಲ್ಕು ವರ್ಷದವನಿದ್ದಾಗ ನನಗೆ ಮೈ ಬಾತಿತ್ತು, ಬೆಟಗೇರಿಯ ದವಾಖಾನೆಯಲ್ಲಿ ಇಟ್ಟಿದ್ದರು ಎಂಬುದು ನನಗೆ ಗೊತ್ತಿತ್ತು. ಮೈಯ ಕಾವಲೇ ದಿಕ್ಕು ತಪ್ಪಿ ಮೂತ್ರಪಿಂಡದ ಮೇಲೆ ಬೀಳುವ ರೋಗ ಅದು ಎಂದು ಆಮೇಲೆ ಓದಿ ತಿಳಿದುಕೊಂಡು, ಪಾಠದ ನಡುವೆ ಉದಾಹರಣೆಗೆ ನನ್ನನ್ನೇ ಹೇಳುತ್ತಿದ್ದೆ ಕೂಡ. ಮಕ್ಕಳು ಕಿವಿಗೊಟ್ಟು ಕೇಳುತ್ತಿದ್ದರು, ನನಗೂ ಗತ್ತು ಬರುತ್ತಿತ್ತು. ಆ ಕತೆಯಲ್ಲಿ ನನಗೆ ಗೊತ್ತಿಲ್ಲದ ಭಾಗವನ್ನು ಚಿಗವ್ವ ಹೇಳಿದಳು.

"ನಾ ಆಗ ಹನ್ನೆರಡು ವರ್ಷದಾಕಿ. ಅಪ್ಪನ ಜೋಡಿ ಬುತ್ತಿ ತೊಗೊಂಡು ಬಂದಿದ್ದೆ. ನಿನ್ನ ಮುಖಾ ಹಿಟ್ಟಿನ ಉಂಡಿ ಆಗಿತ್ತು, ಕಣ್ಣ ತೆರೀತಿರಲಿಲ್ಲ. ಒಂದ ಹನಿ ಉಚ್ಚಿ ಇಲ್ಲ. ಡಾಕ್ಟರು ಕೈ ಚೆಲ್ಲಿದ್ರು. ಅಕ್ಕ ಎರಡ ದಿನದಿಂದ ಉಂಡಿರಲಿಲ್ಲ. ನಾನ ಬುತ್ತಿ ಬಿಚ್ಚಿದೆ. ರೊಟ್ಟಿ, ಜುಣಕ, ಒಂದ ದೊಡ್ಡ ಉಳ್ಳಾಗಡ್ಡಿ. ಹಸಿವಿ ತಡೀಲಾರದ ಗುದ್ದಿದ್ಲು, ಬಾಯಿತನಕ ಒಯ್ದಳು, ನಿನ್ನ ಕಡೆ ನೋಡಿದ್ಲು. ಹೊಳ್ಳಿ ನನ್ನ ಕೈಯಾಗ ಇಟ್ಲು. 'ದೇವರ, ಇದನ್ನ ಬಿಟ್ಟೆ. ಇವನ್ನ ನನಗ ಬಿಡು' ಅಂದ್ಲು. ಮೂರನೇ ದಿನಾ ನೀ ಉಚ್ಚಿ ಹೊಯ್ದಿ. ಅದನ್ನಷ್ಟ ವಾರ್ಡಿನ ಮಂದಿಗೆಲ್ಲಾ ಕೂಗಿ ಹೇಳಿದ್ಲು."

"ನನಗ್ಯಾಕ ಹೇಳಲಿಲ್ಲ?"

"ಹೇಳಕೋತ ತಿರಗಿದ್ರ ಅದೇನ್ ಹರಕಿ? ನನ್ನ ಕಡಿಂದ ಆಣಿ ಮಾಡಿಸಿದ್ಲು. ಈಗ ನೋಡು, ನನ್ನ ಆಣಿನೂ ಮುರಿಸಿದಿ."

ವಾಪಸು ಬಸ್ಸಿನಲ್ಲಿ ನಾನು ಕಪ್ಪತಗುಡ್ಡದ ಕಡೆ ಮುಖ ತಿರುಗಿಸಿಕೊಂಡು ಕುಳಿತೆ, ಕಣ್ಣಲ್ಲಿ ನೀರು ಬಂದದ್ದನ್ನು ಯಾರೂ ನೋಡದಿರಲೆಂದು. ಐವತ್ತೇಳು ವರ್ಷ! ಮನೆ ತುಂಬ ಅದೇ, ಅಟ್ಟದ ತುಂಬ ಅದೇ. ದಿನಕ್ಕೆ ಎರಡು ಸಲ ಎಲ್ಲರ ತಾಟಿಗೂ ತನ್ನ ಕೈಯಾರೆ ಗುದ್ದಿ ಹಾಕಿ, ಆ ಘಾಟು ಮೂಗಿಗೆ ಹೊಡೆಯುತ್ತಿರುವಾಗ ಎದ್ದು ಹೋಗಿ ಕೈ ತೊಳೆದುಕೊಂಡು ಬರುವುದೆಂದರೇನು? ನಾನು ಬದುಕಿ, ಬೆಳೆದು, ಡಿಗ್ರಿ ಪಡೆದು ಬಂದು ಅದೇ ಅವ್ವನನ್ನು ನೋಡಿ ಓಣಿ ಕೇಳುವ ಹಾಗೆ ನಕ್ಕಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಹೇಳಲೇಬೇಕು ಅಂದುಕೊಂಡೆ. ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದನ್ನು ಅವಳಿಗೇ ತಿಳಿಯದಂತೆ ನಾನು ಕೆಡಿಸಿ, ಮೇಲೆ ಸುಳ್ಳು ಹೇಳಿ ಮುಚ್ಚುವುದು ನನ್ನಿಂದಾಗುವ ಕೆಲಸವಲ್ಲ.

ಮರುದಿನ ಬೆಳಿಗ್ಗೆ ಅವ್ವ ಅಂಗಳದ ಬಿಸಿಲಿಗೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಮಾತುಗಳನ್ನೆಲ್ಲ ಸಿದ್ಧ ಮಾಡಿಕೊಂಡಿದ್ದೆ. ಗುಳಿಗೆ ಅಂದರೆ ಉಳ್ಳಾಗಡ್ಡಿಯಲ್ಲ, ಅದರೊಳಗಿನ ಒಂದು ಕಣ ಮಾತ್ರ. ಅದೇ ಕಣ ಸೇಬಿನಲ್ಲೂ ಇದೆ, ಚಹಾದಲ್ಲೂ ಇದೆ. ತಿಳಿಯದೆ ತಿಂದದ್ದಕ್ಕೆ ದೋಷವಿಲ್ಲ, ದೋಷ ಇದ್ದರೆ ತಿನ್ನಿಸಿದ ನನ್ನದು. ಅಳುತ್ತಾಳೆ, ಬೈಯುತ್ತಾಳೆ, ಬಾಯಿ ತೊಳೆಯಲು ಓಡುತ್ತಾಳೆ ಎಂದು ಎಲ್ಲಕ್ಕೂ ಒಂದೊಂದು ಉತ್ತರ ಹೊಂದಿಸಿಟ್ಟಿದ್ದೆ. ಬಾಗಿಲಲ್ಲಿ ಗಿರಿಜಾ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವ್ವನ ಎದುರು ನೆಲದ ಮೇಲೆ ಕುಳಿತು ಹೇಳಿದೆ. ಬೆಳ್ಳಟ್ಟಿಗೆ ಹೋಗಿದ್ದನ್ನೂ ಹೇಳಿದೆ.

ಜೋಳ ಕೇರುತ್ತಿದ್ದ ಕೈ ನಿಂತಿತು.

"ಎಷ್ಟ ದಿನಾ ಆತು?"

"ಹತ್ತ ತಿಂಗಳಾತವ್ವಾ. ತಪ್ಪಾತು."

ಅವ್ವನ ಮುಖ ಬಿಳಿಚಿತು. ಮೊರವನ್ನು ಪಕ್ಕಕ್ಕೆ ಸರಿಸಿ ಮಂಡಿಯೂರಿ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆಯಲಿ ಎಂದೇ ತಲೆ ತಗ್ಗಿಸಿದೆ. ಅವಳು ನನ್ನ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದಳು. ಕಣ್ಣಿನ ಕೆಳಗಿನ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿದಳು.

"ಉಚ್ಚಿ ಸರಿಯಾಗಿ ಹೋಗತೈತೇನು?"

"ಅವ್ವಾ, ನನಗೇನಾಗೇತಿ..."

"ಕೇಳಿದ್ದಕ್ಕ ಹೇಳು."

"ಹೋಗತೈತಿ."

ನಾನು ಸಿದ್ಧ ಮಾಡಿಕೊಂಡಿದ್ದ ಉತ್ತರಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ. ಅವಳಿಗೆ ತನ್ನ ನೇಮ ಕೆಟ್ಟದ್ದರ ಚಿಂತೆಯೇ ಇರಲಿಲ್ಲ. ಐವತ್ತೇಳು ವರ್ಷದ ಹಿಂದೆ ದೇವರಿಂದ ಬಿಡಿಸಿಕೊಂಡದ್ದು ಕೈತಪ್ಪಿ ಹೋಗುತ್ತದೆಂಬ ಭಯ ಅವಳ ಕಣ್ಣಲ್ಲಿತ್ತು. ಅರವತ್ತೊಂದು ವರ್ಷದ, ತಲೆ ನೆರೆತ, ಮೂವತ್ತೆರಡು ವರ್ಷ ಪಾಠ ಹೇಳಿದ ನಾನು ಅವಳು ಎಳೆದ ಹಾಗೆ ಕಾಲು ಚಾಚಿದೆ. ಅವ್ವ ನನ್ನ ಪಾಯಿಜಾಮವನ್ನು ಮೊಣಕಾಲಿನ ತನಕ ಸರಿಸಿದಳು. ಬಾವು ಇದೆಯೋ ಇಲ್ಲವೋ ಹೀಗೆ ನೋಡಬೇಕೆಂದು ಅಂದು ದವಾಖಾನೆಯಲ್ಲಿ ಯಾರೋ ಕಲಿಸಿದ್ದಿರಬೇಕು. ಸೊಟ್ಟಗಾದ ಹೆಬ್ಬೆರಳನ್ನು ನನ್ನ ಕಾಲಿನ ಮುಂದಿನ ಎಲುಬಿನ ಮೇಲಿಟ್ಟು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಒತ್ತಿ ಹಿಡಿದಳು. ಬಾಯಲ್ಲಿ ಏನೋ ಎಣಿಸುತ್ತಿದ್ದಳು. ಆಮೇಲೆ ಬೆರಳು ತೆಗೆದು, ಅಲ್ಲಿ ಕುಳಿ ಉಳಿಯುತ್ತದೆಯೋ ಎಂದು ಮುಖವನ್ನು ತೀರ ಕಾಲಿನ ಹತ್ತಿರಕ್ಕೆ ತಂದು ನೋಡುತ್ತ ಕುಳಿತಳು. ನಾನೂ ಉಸಿರು ಹಿಡಿದು ಅದನ್ನೇ ನೋಡಿದೆ.

ಕುಳಿ ಉಳಿಯಲಿಲ್ಲ.

"ಆ ಕಾಲ ಚಾಚು," ಅಂದಳು ಅವ್ವ.